ಎಂಜಿನ್ ಮರುಜೋಡಣೆಯಲ್ಲಿ ಆಯಿಲ್ ಪ್ರೆಷರ್: ಅಳತೆಯ ಮೇಜಿನ ಮೇಲೆ ತೀರ್ಮಾನವಾಗುವ ಒತ್ತಡ

ಮಾನ್ಯರೇ,

ಕಾರಿನ ಎಂಜಿನ್ನನ್ನು ಇಳಿಸಿ, ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನು ಬದಲಾಯಿಸಿ ಮತ್ತೆ ಜೋಡಿಸುವ ಕೆಲಸದಲ್ಲಿ ಎಣ್ಣೆಯ ಒತ್ತಡ ಎಂಬುದು ಎಲ್ಲ ಮುಗಿದ ಮೇಲೆ ಗೇಜಿನಲ್ಲಿ ನೋಡಿಕೊಳ್ಳುವ ಸಂಗತಿ ಎಂಬ ಭಾವನೆ ಬಹಳ ಜನರಲ್ಲಿದೆ. ಒತ್ತಡ ಕಡಿಮೆ ಬಂದರೆ ಪಂಪ್ ಬದಲಾಯಿಸುವುದು, ಅದರಿಂದಲೂ ಸರಿಹೋಗದಿದ್ದರೆ ದಪ್ಪನೆಯ ಎಣ್ಣೆ ಹಾಕಿ ಕೈತೊಳೆದುಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದು ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು (ಚಿಕ್ಕದಾಗಿ ಕ್ರ್ಯಾಂಕ್) ಎಂಜಿನ್ನಿನ ಒಡಲಾದ ಬ್ಲಾಕಿನಲ್ಲಿ ಕೂರಿಸುವ ಮೊದಲೇ, ಮೈಕ್ರೋಮೀಟರ್ ಹಿಡಿದು ಅಳತೆ ತೆಗೆಯುವ ಹೊತ್ತಿನಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಇಂದಿನ ಮಾತೆಲ್ಲ ಈ ಒಂದು ಅಂಶದ ವಿವರಣೆಯೇ ಆಗಿದೆ.

ಮೊದಲಿಗೆ ಪಂಪಿನ ವಿಷಯ. ಕಾರುಗಳಲ್ಲಿರುವ ಆಯಿಲ್ ಪಂಪ್, ಅದು ಎರಡು ಗೇರುಗಳದ್ದಾಗಿರಲಿ, ಒಂದರೊಳಗೊಂದು ತಿರುಗುವ ರೋಟರುಗಳದ್ದಾಗಿರಲಿ, ಪ್ರತಿ ಸುತ್ತಿಗೆ ಇಷ್ಟು ಎಂದು ಎಣ್ಣೆಯನ್ನು ಹಿಡಿದು ಮುಂದಕ್ಕೆ ತಳ್ಳುತ್ತದೆ. ಅದು ಕೊಡುವುದು ಹರಿವು. ಹಾಗೆ ಹರಿದ ಎಣ್ಣೆ ಫಿಲ್ಟರನ್ನೂ ಬ್ಲಾಕಿನೊಳಗೆ ಕೊರೆದ ಎಣ್ಣೆಯ ದಾರಿಗಳಾದ ಗ್ಯಾಲರಿಗಳನ್ನೂ ದಾಟಿ, ತಿರುಗುವ ದಂಡಕ್ಕೂ ಅದನ್ನು ಹೊರುವ ಬೇರಿಂಗಿಗೂ ನಡುವಿನ ಸಂದಿನಿಂದ ಹೊರಬೀಳುವಾಗ ಎದುರಾಗುವ ತಡೆಯೇ ಗೇಜಿನಲ್ಲಿ ಒತ್ತಡವಾಗಿ ಕಾಣುತ್ತದೆ. ಸಂದು ಹೆಚ್ಚಾದರೆ ಎಣ್ಣೆ ಸಲೀಸಾಗಿ ಹೊರಬೀಳುತ್ತದೆ, ತಡೆ ಕುಸಿಯುತ್ತದೆ, ಪಂಪ್ ಹೊಸದಾಗಿದ್ದರೂ ಮುಳ್ಳು ಕೆಳಗಿಳಿಯುತ್ತದೆ. ಆದ್ದರಿಂದ ಸವೆದ ಬೇರಿಂಗುಗಳ ಮೇಲೆ ಹೊಸ ಪಂಪ್ ಹಾಕಿ ಒತ್ತಡ ನಿರೀಕ್ಷಿಸುವುದು ಕಾರಣವನ್ನು ಬಿಟ್ಟು ಪರಿಣಾಮದ ಬೆನ್ನುಹತ್ತಿದಂತೆ.

ಗೇಜಿನಲ್ಲಿ ಕಾಣುವ ಈ ಒತ್ತಡವೇ ಕ್ರ್ಯಾಂಕನ್ನು ಎತ್ತಿ ಹಿಡಿಯುತ್ತದೆ ಎಂದು ತಿಳಿದವರೂ ಇದ್ದಾರೆ. ಇಲ್ಲಿ ಒಂದು ಹಳೆಯ ಪ್ರಯೋಗವನ್ನು ನೆನೆಯಬೇಕು. 1880ರ ದಶಕದ ಆರಂಭದಲ್ಲಿ ಬೋಶಾಂಪ್ ಟವರ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ರೈಲುಗಾಡಿಯ ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಎಣ್ಣೆ ಬಿಡುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದ ರಂಧ್ರದಿಂದ, ಅಚ್ಚು ತಿರುಗುವಾಗ, ಎಣ್ಣೆ ಮೇಲಕ್ಕೆ ಉಕ್ಕಿತು. ಅದನ್ನು ಮುಚ್ಚಲು ಬಡಿದ ಮರದ ಬೆಣೆಯನ್ನು ಎಣ್ಣೆಯೇ ನಿಧಾನವಾಗಿ ಹೊರದೂಡಿತು. ಅಲ್ಲಿ ಗೇಜ್ ಜೋಡಿಸಿ ನೋಡಿದರೆ, ಬೇರಿಂಗಿನ ಮೇಲಿನ ಸರಾಸರಿ ಭಾರ ಚದರ ಅಂಗುಲಕ್ಕೆ 100 ಪೌಂಡಿನಷ್ಟಿದ್ದಾಗ ಎಣ್ಣೆಯ ಪದರದೊಳಗಿನ ಒತ್ತಡ 200 ಪೌಂಡನ್ನು ಮೀರಿತ್ತು. ಅಲ್ಲಿ ಎಣ್ಣೆಯನ್ನು ಒತ್ತಿ ಕಳಿಸುವ ಪಂಪೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಮಂಡಿಸಿದರು. ಜರ್ನಲ್, ಅಂದರೆ ದಂಡದಲ್ಲಿ ಬೇರಿಂಗಿನೊಳಗೆ ತಿರುಗುವ ಭಾಗ, ತನ್ನ ಮೈಗಂಟಿದ ಎಣ್ಣೆಯನ್ನು ಕಿರಿದಾಗುತ್ತಾ ಹೋಗುವ ಸಂದಿನೊಳಕ್ಕೆ ಎಳೆದೊಯ್ಯುತ್ತದೆ, ಹಾಗೆ ಸಿಕ್ಕಿಕೊಂಡ ಎಣ್ಣೆಯಲ್ಲಿ ಹುಟ್ಟುವ ಒತ್ತಡವೇ ಭಾರವನ್ನು ಹೊರುತ್ತದೆ. ಇಂದಿನ ಎಂಜಿನ್ನಿನ ಬಿಗ್ ಎಂಡ್ ಬೇರಿಂಗಿನಲ್ಲಿ (ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಜಾಗ), ಸಿಲಿಂಡರಿನಲ್ಲಿ ಇಂಧನ ಉರಿಯುವ ಕ್ಷಣದಲ್ಲಿ ಈ ಒತ್ತಡ ನೂರಾರು ಬಾರ್ ಮುಟ್ಟುತ್ತದೆ. ಪಂಪ್ ಕೊಡುವ ಮೂರೋ ನಾಲ್ಕೋ ಬಾರ್ ಆ ಪದರಕ್ಕೆ ಎಣ್ಣೆ ತಪ್ಪದಂತೆ ನೋಡಿಕೊಳ್ಳುವುದಕ್ಕೆ ಮತ್ತು ಬೇರಿಂಗಿನ ಶಾಖವನ್ನು ಹೊತ್ತೊಯ್ಯುವುದಕ್ಕೆ. ಆ ಪೂರೈಕೆ ನಿಂತರೆ ಪದರ ಕಡಿದುಹೋಗುತ್ತದೆ, ಲೋಹಕ್ಕೆ ಲೋಹ ತಗಲುತ್ತದೆ. ಇತ್ತ ಸಂದು ಅತಿಯಾದರೂ ಪದರ ತೆಳುವಾಗುತ್ತದೆ. ಹಾಗಾಗಿ ಸಂದಿನ ಅಳತೆಗೆ ಎರಡು ಜವಾಬ್ದಾರಿಗಳಿವೆ: ಭಾರ ಹೊರುವ ಪದರವನ್ನು ಕಾಯುವುದು ಒಂದು, ಗ್ಯಾಲರಿಯಲ್ಲಿ ಒತ್ತಡ ಉಳಿಸುವುದು ಇನ್ನೊಂದು.

ಸಂದು ಎಷ್ಟಿರಬೇಕು? ಜರ್ನಲಿನ ವ್ಯಾಸದ ಸಾವಿರದಲ್ಲಿ ಒಂದು ಭಾಗ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಸ್ಥೂಲ ಲೆಕ್ಕ. 50 ಮಿಲಿಮೀಟರ್ ಜರ್ನಲಿಗೆ 0.05 ಮಿಲಿಮೀಟರ್, ಅಂದರೆ 50 ಮೈಕ್ರಾನ್. ಇತ್ತೀಚಿನ ಅನೇಕ ಕಾರುಗಳಲ್ಲಿ ತಯಾರಕರು ಇದಕ್ಕಿಂತ ಕಡಿಮೆಯನ್ನು, 20ರಿಂದ 40 ಮೈಕ್ರಾನುಗಳನ್ನು ಸೂಚಿಸುವುದೂ ಉಂಟು. ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಆದರೆ ಸ್ವಲ್ಪ ಹೆಚ್ಚಾದರೇನಂತೆ ಎಂಬ ಧೈರ್ಯಕ್ಕೆ ಇಲ್ಲಿ ಅವಕಾಶವಿಲ್ಲ, ಏಕೆಂದರೆ ಸಂದಿನಿಂದ ಸೋರುವ ಎಣ್ಣೆಯ ಪ್ರಮಾಣ ಸಂದಿನ ಅಗಲದ ಘನಕ್ಕೆ ಅನುಗುಣವಾಗಿ ಏರುತ್ತದೆ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. 50 ಮೈಕ್ರಾನ್ ಇರಬೇಕಾದಲ್ಲಿ 60 ಆದರೆ, ಕೇವಲ ಹತ್ತು ಮೈಕ್ರಾನ್ ಹೆಚ್ಚಳಕ್ಕೆ, ಸೋರಿಕೆ ಶೇ. 70ಕ್ಕಿಂತ ಹೆಚ್ಚು ಏರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಕ್ರ್ಯಾಂಕನ್ನು ಬ್ಲಾಕಿನಲ್ಲಿ ಹೊರುವ ಐದು ಮೇನ್ ಬೇರಿಂಗುಗಳು, ನಾಲ್ಕು ಬಿಗ್ ಎಂಡ್ ಬೇರಿಂಗುಗಳು ಇರುತ್ತವೆ. ಒಂಬತ್ತರಲ್ಲೂ ಇದೇ ಉದಾಸೀನ ಸೇರಿಕೊಂಡರೆ ಬಿಸಿ ಎಂಜಿನ್ ಐಡಲಿಂಗಿನಲ್ಲಿರುವಾಗ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಧಾನವಾಗಿ ತಿರುಗುತ್ತಿರುವಾಗ, ಮುಳ್ಳು ಏಳುವುದೇ ಇಲ್ಲ.

ಇನ್ನು ಅಳತೆ ತೆಗೆಯುವ ಕ್ರಮಕ್ಕೆ ಬರೋಣ. ಒಂದು ಮೇನ್ ಜರ್ನಲನ್ನೇ ತೆಗೆದುಕೊಳ್ಳೋಣ. ಕ್ರ್ಯಾಂಕನ್ನು ತೊಳೆದು ಒರೆಸಿ, ಜರ್ನಲಿನ ಎರಡು ತುದಿಗಳ ಹತ್ತಿರ, ಪ್ರತಿ ಕಡೆ ಒಂದಕ್ಕೊಂದು ಅಡ್ಡಲಾಗಿ ಎರಡು ದಿಕ್ಕಿನಲ್ಲಿ ಮೈಕ್ರೋಮೀಟರ್ ಹಿಡಿದರೆ ನಾಲ್ಕು ಅಂಕಿಗಳು ದೊರೆಯುತ್ತವೆ. ಎರಡು ತುದಿಗಳ ನಡುವಿನ ವ್ಯತ್ಯಾಸ ಜರ್ನಲ್ ಒಂದು ಕಡೆಗೆ ಸಣ್ಣಗಾಗಿದೆಯೇ ಎಂಬುದನ್ನು, ಎರಡು ದಿಕ್ಕುಗಳ ವ್ಯತ್ಯಾಸ ಅದು ಅಂಡಾಕಾರಕ್ಕೆ ತಿರುಗಿದೆಯೇ ಎಂಬುದನ್ನು ಹೇಳುತ್ತದೆ. ನಂತರ ಬೇರಿಂಗಿನ ಅರ್ಧವೃತ್ತದ ಎರಡು ಹೋಳುಗಳಾದ ಶೆಲ್‌ಗಳನ್ನು ಕೂರಿಸಿ, ಅವನ್ನು ಬ್ಲಾಕಿಗೆ ಬಿಗಿಯುವ ಕೆಳಗಿನ ತುಂಡಾದ ಕ್ಯಾಪನ್ನು ಅದರದೇ ಜಾಗದಲ್ಲಿ, ಅದರದೇ ದಿಕ್ಕಿನಲ್ಲಿ ಇಟ್ಟು, ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಪೂರ್ತಿ ಬಿಗಿಯಬೇಕು. ಬಿಗಿಯದೆ ತೆಗೆದ ಅಳತೆಗೆ ಬೆಲೆಯಿಲ್ಲ. ಆಮೇಲೆ ಜರ್ನಲಿನ ಅಳತೆಗೇ ಮೈಕ್ರೋಮೀಟರನ್ನು ನಿಲ್ಲಿಸಿ, ಅದರ ನಡುವೆ ಒಳವ್ಯಾಸ ಅಳೆಯುವ ಬೋರ್ ಗೇಜನ್ನು ಇಟ್ಟು ಸೊನ್ನೆಗೆ ತಂದುಕೊಂಡರೆ, ಬೇರಿಂಗಿನೊಳಗೆ ಅದೇ ಗೇಜ್ ತೋರಿಸುವ ಅಂಕಿ ನೇರವಾಗಿ ಸಂದಿನ ಅಳತೆಯೇ ಆಗಿರುತ್ತದೆ. ಕೂಡಿ ಕಳೆಯುವ ಲೆಕ್ಕವಿಲ್ಲ, ಅದರಲ್ಲಿ ತಪ್ಪುವ ಭಯವೂ ಇಲ್ಲ. ಬೋರ್ ಗೇಜನ್ನು ಎರಡು ಶೆಲ್‌ಗಳು ಕೂಡುವ ಗೆರೆಗೆ ಲಂಬವಾಗಿ, ಅಂದರೆ ಮೇಲೆ-ಕೆಳಗೆ ಹಿಡಿಯಬೇಕು. ಶೆಲ್‌ಗಳನ್ನು ಆ ಕೂಡುಗೆರೆಯ ಬಳಿ ಉದ್ದೇಶಪೂರ್ವಕವಾಗಿಯೇ ಸ್ವಲ್ಪ ತೆಳುವಾಗಿ ಮಾಡಿರುವುದರಿಂದ, ಅಲ್ಲಿ ತೆಗೆದ ಅಳತೆ ಇಲ್ಲದ ಸಂದನ್ನು ತೋರಿಸುತ್ತದೆ.

ಇಷ್ಟು ಎಚ್ಚರದಿಂದ ಅಳೆಯುವವರೂ ಮರೆಯುವ ಒಂದು ಸಂಗತಿ ತಾಪಮಾನ. ಪ್ರತಿ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಉಕ್ಕು ಮೀಟರಿಗೆ ಸುಮಾರು 12 ಮೈಕ್ರಾನಿನಷ್ಟು ಹಿಗ್ಗುತ್ತದೆ. ಬಿಸಿಲಿನಲ್ಲಿಟ್ಟಿದ್ದ ಅಥವಾ ಬಿಸಿನೀರಿನಿಂದ ಈಗಷ್ಟೇ ತೆಗೆದ ಕ್ರ್ಯಾಂಕ್ ಬ್ಲಾಕಿಗಿಂತ 20 ಡಿಗ್ರಿ ಬೆಚ್ಚಗಿದ್ದರೆ, 50 ಮಿಲಿಮೀಟರ್ ಜರ್ನಲ್ 12 ಮೈಕ್ರಾನಿನಷ್ಟು ದಪ್ಪವಾಗಿ ಕಾಣುತ್ತದೆ. ಒಟ್ಟು 50 ಮೈಕ್ರಾನಿನ ಲೆಕ್ಕದಲ್ಲಿ ಇದು ಕಾಲು ಭಾಗದಷ್ಟು ತಪ್ಪು. ಕ್ರ್ಯಾಂಕ್, ಬ್ಲಾಕ್, ಮೈಕ್ರೋಮೀಟರ್ ಎಲ್ಲವೂ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದು, ಬೆಳಗ್ಗೆ ಅಳತೆ ತೆಗೆಯುವುದು ನಾನು ಎಲ್ಲರಿಗೂ ಒತ್ತಿ ಹೇಳುವ ಅಭ್ಯಾಸ. ಬೋರ್ ಗೇಜ್ ಇಲ್ಲದವರು ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆಯನ್ನು ಒಣ ಜರ್ನಲಿನ ಮೇಲಿಟ್ಟು, ಕ್ಯಾಪ್ ಬಿಗಿದು, ಕ್ರ್ಯಾಂಕನ್ನು ಸ್ವಲ್ಪವೂ ತಿರುಗಿಸದೆ ಮತ್ತೆ ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಎಂದು ನೋಡಿ ಸಂದನ್ನು ತಿಳಿಯಬಹುದು. ತಾಳೆ ನೋಡುವುದಕ್ಕೆ ಅದು ಒಳ್ಳೆಯ ಸಾಧನ. ಜರ್ನಲಿನ ಅಂಡಾಕಾರವನ್ನು ಹಿಡಿಯಲು ಮಾತ್ರ ಅದೊಂದನ್ನೇ ನಂಬುವುದು ಸಲ್ಲದು.

ಸವೆದ ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿದಾಗ, ಅಂದರೆ ಸಾಣೆ ಹಿಡಿಸಿದಾಗ, ಜರ್ನಲ್ 0.25 ಅಥವಾ 0.50 ಮಿಲಿಮೀಟರ್ ಸಣ್ಣಗಾಗುತ್ತದೆ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗುಗಳು ಬರುತ್ತವೆ. ಪೆಟ್ಟಿಗೆಯ ಮೇಲೆ 0.25 ಎಂದು ಮುದ್ರಿಸಿದ್ದರೆ ಒಳಗಿನ ಶೆಲ್ ಅಷ್ಟೇ ಇದೆ ಎಂದಾಗಲಿ, ಗ್ರೈಂಡ್ ಮಾಡಿದವರು ಸರಿಯಾಗಿ ಅಷ್ಟಕ್ಕೇ ನಿಲ್ಲಿಸಿದ್ದಾರೆ ಎಂದಾಗಲಿ ಭಾವಿಸದೆ ಎರಡನ್ನೂ ಅಳೆಯಬೇಕು. ಸಾಧ್ಯವಿದ್ದರೆ ಬೇರಿಂಗುಗಳನ್ನು ಮೊದಲು ತರಿಸಿ, ಅವುಗಳನ್ನು ಕ್ಯಾಪಿನಲ್ಲಿ ಬಿಗಿದು ಅಳೆದು, ಬೇಕಾದ ಸಂದನ್ನು ಕಳೆದು ಬರುವ ಅಂಕಿಯನ್ನು ಬರೆದು ಗ್ರೈಂಡಿಂಗಿಗೆ ಕೊಡುವುದು ಉತ್ತಮ. ಗ್ರೈಂಡ್ ಆದ ಮೇಲೆ ಜರ್ನಲಿನ ಎಣ್ಣೆ ರಂಧ್ರದ ಅಂಚನ್ನು ಬೆರಳಿನಿಂದ ಸವರಿ ನೋಡಬೇಕು. ಅಲ್ಲಿ ಚೂಪು ಉಳಿದಿದ್ದರೆ ಅದು ಹೊಸ ಬೇರಿಂಗಿನ ಮೇಲ್ಮೈಯನ್ನು ಕೆರೆದುಹಾಕುತ್ತದೆ.

ಸಂದು ಹೆಚ್ಚಾಗಿದೆ ಎಂದು ಕ್ಯಾಪಿನ ಕೂಡುಮುಖವನ್ನು ಅರದಿಂದ ಉಜ್ಜುವುದು, ಶೆಲ್ಲಿನ ಬೆನ್ನಿಗೆ ಕಾಗದವನ್ನೋ ತೆಳು ತಗಡನ್ನೋ ಇಡುವುದು ಹಿಂದಿನಿಂದ ನಡೆದುಬಂದ ಪದ್ಧತಿಗಳು. ಇವೆರಡನ್ನೂ ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಉಜ್ಜಿದರೆ ಬೋರ್ ಗುಂಡಗೆ ಉಳಿಯುವುದಿಲ್ಲ. ಬೆನ್ನಿಗೆ ಏನನ್ನಾದರೂ ಇಟ್ಟರೆ ಶೆಲ್ಲಿನ ಶಾಖ ಬ್ಲಾಕಿಗೆ ಇಳಿಯುವುದಿಲ್ಲ, ಹಿಡಿತವೂ ಸಡಿಲವಾಗುತ್ತದೆ. ಶೆಲ್ಲಿನ ತುದಿಗಳು ಕೂಡುಮುಖಕ್ಕಿಂತ ಕೂದಲೆಳೆಯಷ್ಟು ಮೇಲೆದ್ದಿರುವುದು ಅದು ಬಿಗಿಯಾಗಿ ಕೂರಲೆಂದೇ ಇಟ್ಟಿರುವ ಹೆಚ್ಚುವರಿ. ಅದನ್ನು ಸಮ ಮಾಡಲು ಹೋಗಬಾರದು.

ಅಳತೆಯಷ್ಟೇ ಮುಖ್ಯವಾದುದು ಎಣ್ಣೆ ಸಾಗುವ ದಾರಿ. ಸಾಮಾನ್ಯವಾಗಿ ಎಣ್ಣೆ ತಳದ ತೊಟ್ಟಿಯಾದ ಸಂಪಿನಿಂದ ಸ್ಟ್ರೈನರ್ ಎಂಬ ಜಾಲರಿಯ ಮೂಲಕ ಪಂಪಿಗೆ, ಅಲ್ಲಿಂದ ಫಿಲ್ಟರಿಗೆ, ಬಳಿಕ ಬ್ಲಾಕಿನ ಉದ್ದಕ್ಕೂ ಇರುವ ಮುಖ್ಯ ಗ್ಯಾಲರಿಗೆ, ಅದರಿಂದ ಪ್ರತಿ ಮೇನ್ ಬೇರಿಂಗಿನ ಮೇಲಿನ ಶೆಲ್ಲಿನ ರಂಧ್ರಕ್ಕೆ, ಅಲ್ಲಿಂದ ಕ್ರ್ಯಾಂಕಿನೊಳಗೆ ಕೊರೆದ ದಾರಿಯಲ್ಲಿ ಬಿಗ್ ಎಂಡಿಗೆ ಹೋಗುತ್ತದೆ. ಬಹುತೇಕ ಎಂಜಿನ್ನುಗಳಲ್ಲಿ ರಂಧ್ರ ಮತ್ತು ಎಣ್ಣೆ ಹರಿಯುವ ತೋಡು ಇರುವ ಶೆಲ್ ಬ್ಲಾಕಿನ ಕಡೆಗೆ, ಬರಿಯ ಶೆಲ್ ಕ್ಯಾಪಿನ ಕಡೆಗೆ ಬರಬೇಕು. ಅದಲುಬದಲಾದರೆ ಆ ಮೇನ್ ಬೇರಿಂಗಿಗೂ, ಅದರಿಂದ ಎಣ್ಣೆ ಪಡೆಯುವ ಬಿಗ್ ಎಂಡಿಗೂ ಎಣ್ಣೆಯೇ ಸಿಗದು. ಇದಕ್ಕಿಂತ ಘೋರ ಪ್ರಮಾದ ಇನ್ನೊಂದಿಲ್ಲ, ಏಕೆಂದರೆ ಗೇಜಿನಲ್ಲಿ ಒತ್ತಡ ಚೆನ್ನಾಗಿಯೇ ಕಾಣುತ್ತಿರುತ್ತದೆ, ಬೇರಿಂಗ್ ಮಾತ್ರ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಳ್ಳುತ್ತದೆ.

ಬ್ಲಾಕ್ ತೊಳೆಯುವಾಗ ಗ್ಯಾಲರಿಯ ತುದಿಗಳಲ್ಲಿರುವ ಪ್ಲಗ್ಗುಗಳನ್ನು ಬಿಚ್ಚಿ, ಉದ್ದನೆಯ ಬ್ರಷ್ ಹಾಕಿ ಉಜ್ಜಲೇಬೇಕು. ಸಿಲಿಂಡರಿನ ಬೋರ್ ಹೋನ್ ಮಾಡಿದಾಗ, ಅಂದರೆ ಒಳಮೈಯನ್ನು ಕಲ್ಲಿನಿಂದ ಉಜ್ಜಿದಾಗ, ಉಳಿಯುವ ಕಲ್ಲಿನ ಪುಡಿ ಸೀಮೆಎಣ್ಣೆಯಿಂದಾಗಲಿ ಪೆಟ್ರೋಲಿನಿಂದಾಗಲಿ ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ ಬೇಕು. ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಬೋರ್ ಒರೆಸಿದಾಗ ಬೂದು ಬಣ್ಣ ಹತ್ತುವುದು ನಿಲ್ಲುವವರೆಗೆ ತೊಳೆಯುತ್ತಿರಬೇಕು. ತೆಗೆದ ಪ್ಲಗ್ಗುಗಳೆಲ್ಲ ಮತ್ತೆ ತಮ್ಮ ಜಾಗಕ್ಕೆ ಹೋದವೇ ಎಂದು ಎಣಿಸಿ ಖಚಿತಪಡಿಸಿಕೊಳ್ಳಬೇಕು. ಟೈಮಿಂಗ್ ಕವರಿನ ಹಿಂದೆ ಅಡಗಿರುವ ಒಂದು ಪ್ಲಗ್ ಬಿಟ್ಟುಹೋದರೆ ಎಣ್ಣೆಯೆಲ್ಲ ಅಲ್ಲಿಂದಲೇ ಸಂಪಿಗೆ ಸುರಿಯುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಬ್ಲಾಕಿನ ಮೇಲೆ ಕೂರುವ ಸಿಲಿಂಡರ್ ಹೆಡ್ಡಿಗೆ ಹೋಗುವ ದಾರಿಯಲ್ಲಿ ಕೆಲವು ಎಂಜಿನ್ನುಗಳಿಗೆ ಹರಿವನ್ನು ಮಿತಗೊಳಿಸುವ ಸಣ್ಣ ತೂತಿನ ತುಂಡೊಂದು ಇರುತ್ತದೆ. ತೊಳೆಯುವಾಗ ಅದು ಕಳೆದುಹೋದರೆ ಹೆಡ್ಡಿಗೆ ಎಣ್ಣೆ ಅತಿಯಾಗಿ ಹೋಗಿ ಕೆಳಗಿನ ಬೇರಿಂಗುಗಳಿಗೆ ಒತ್ತಡ ಸಾಲದಾಗುತ್ತದೆ. ಹೆಡ್ ಗ್ಯಾಸ್ಕೆಟನ್ನು ತಿರುಗಾಮುರುಗಾ ಇಟ್ಟರೆ ಇದಕ್ಕೆ ವಿರುದ್ಧವಾಗಿ, ಹೆಡ್ಡಿನ ಎಣ್ಣೆ ದಾರಿಯೇ ಮುಚ್ಚಬಹುದು. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ನೇರವಾಗಿ ಅಲ್ಯುಮಿನಿಯಂ ಹೆಡ್ಡಿನಲ್ಲೇ ತಿರುಗುವ ಎಂಜಿನ್ನುಗಳಲ್ಲಿ ಆ ಬೋರುಗಳ ಸವೆತವನ್ನೂ ನೋಡಬೇಕು. ಕೆಳಗೆ ಎಲ್ಲವನ್ನೂ ಹೊಸದಾಗಿಸಿ ಮೇಲಿನ ಈ ಸೋರಿಕೆಯನ್ನು ಬಿಟ್ಟುಬಿಡುವುದು ತೀರಾ ಸಾಮಾನ್ಯ.

ಪಂಪನ್ನು ಬಿಚ್ಚಿದಾಗ ಮೊದಲು ನೋಡಬೇಕಾದುದು ಮುಚ್ಚಳದ ಒಳಮುಖ. ಫಿಲ್ಟರಿಗಿಂತ ಮೊದಲೇ ಎಣ್ಣೆ ಪಂಪಿಗೆ ಬರುವುದರಿಂದ ಸಂಪಿನಲ್ಲಿದ್ದ ಕಸವೆಲ್ಲ ಇಲ್ಲೇ ಅರೆಯಲ್ಪಟ್ಟಿರುತ್ತದೆ. ಉಗುರಿಗೆ ಸಿಗುವಂಥ ಗೀರುಗಳಿದ್ದರೆ ಎಣ್ಣೆ ಒತ್ತಡದ ಕಡೆಯಿಂದ ಹೀರುವ ಕಡೆಗೆ ಹಿಂದಿರುಗುತ್ತದೆ. ಪಂಪಿನ ಬಾಡಿಯ ಮೇಲೆ ಸಮಪಟ್ಟಿ ಇಟ್ಟು, ಅದಕ್ಕೂ ರೋಟರಿಗೂ ನಡುವೆ ಫೀಲರ್ ಗೇಜ್ ತೂರಿಸಿ ಅಳೆಯಬೇಕು. ಸಾಮಾನ್ಯವಾಗಿ ಇಲ್ಲಿ 0.1 ಮಿಲಿಮೀಟರ್ ಸಮೀಪಿಸಿದರೆ ಪಂಪ್ ಬದಲಾಯಿಸುವ ಕಾಲ ಬಂದಿದೆ ಎಂದು ತಿಳಿಯಬಹುದು. ಒತ್ತಡ ಮಿತಿಮೀರಿದಾಗ ತೆರೆದು ಹೆಚ್ಚಿನ ಎಣ್ಣೆಯನ್ನು ಹಿಂದಿರುಗಿಸುವ ರಿಲೀಫ್ ವಾಲ್ವಿನ ಪ್ಲಂಜರ್‌ಗೆ ಎಣ್ಣೆ ಸವರಿ ಅದರ ಬೋರಿನಲ್ಲಿ ಬಿಟ್ಟರೆ ಸ್ವಂತ ಭಾರದಿಂದಲೇ ಜಾರಬೇಕು. ಒಂದು ಚೂರು ಲೋಹ ಸಿಕ್ಕಿಕೊಂಡು ಅದು ತೆರೆದೇ ನಿಂತರೆ ಒತ್ತಡ ಏಳುವುದಿಲ್ಲ. ಮುಚ್ಚಿಕೊಂಡೇ ನಿಂತರೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಫಿಲ್ಟರ್ ಉಬ್ಬಿ ಒಡೆಯಬಹುದು. ಈ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಕೊಟ್ಟು ಒತ್ತಡ ಏರಿಸುವವರಿದ್ದಾರೆ. ಸ್ಪ್ರಿಂಗ್ ನಿರ್ಧರಿಸುವುದು ಗರಿಷ್ಠ ಒತ್ತಡವನ್ನು ಮಾತ್ರ. ಬಿಸಿ ಐಡಲಿಂಗಿನಲ್ಲಿ ವಾಲ್ವ್ ಹೇಗೂ ಮುಚ್ಚಿಯೇ ಇರುವುದರಿಂದ ಅಲ್ಲಿನ ಕೊರತೆಗೆ ಇದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ.

ಹೀರುವ ಕಡೆಯ ದೋಷಗಳು ಸಣ್ಣವಾಗಿ ಕಂಡರೂ ಕಾಟ ದೊಡ್ಡದು. ಸ್ಟ್ರೈನರ್ ಪೈಪಿನ ಓ-ರಿಂಗ್ ಗಟ್ಟಿಯಾಗಿದ್ದರೆ ಅಥವಾ ಕೂರಿಸುವಾಗ ಕತ್ತರಿಸಿದ್ದರೆ ಪಂಪ್ ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ, ಮುಳ್ಳು ನಡುಗುತ್ತದೆ. ಸಂಪಿನ ತಳಕ್ಕೂ ಸ್ಟ್ರೈನರಿಗೂ ಕೆಲವು ಮಿಲಿಮೀಟರ್ ಅಂತರವಿರಬೇಕು. ಜಜ್ಜಿಹೋದ ಸಂಪನ್ನು ಹಾಗೇ ಹಾಕಿದರೆ ಈ ಅಂತರ ಮುಚ್ಚಿ ಎಣ್ಣೆ ಸಾಲದಾಗುತ್ತದೆ. ಸಂಪಿಗೆ ಸಿಲಿಕೋನ್ ಸೀಲಂಟನ್ನು ಧಾರಾಳವಾಗಿ ಹಚ್ಚಿದರೆ ಒಳಕ್ಕೆ ಉಬ್ಬಿದ ಭಾಗ ಕಳಚಿ ಸ್ಟ್ರೈನರಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ತೆಳುವಾದ ಒಂದೇ ಎಳೆ ಸಾಕು.

ಜೋಡಣೆ ಮುಗಿದ ಎಂಜಿನ್ನನ್ನು ಒಣಗಿದ ಗ್ಯಾಲರಿಗಳೊಂದಿಗೆ ಸ್ಟಾರ್ಟ್ ಮಾಡಬಾರದು. ಬೇರಿಂಗುಗಳಿಗೆ ಜೋಡಣೆಯ ಲೂಬ್ರಿಕೆಂಟ್ ಹಚ್ಚಿರಬೇಕು, ಪಂಪಿನೊಳಗೆ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ತುಂಬಿರಬೇಕು. ಒಣ ಪಂಪ್ ಗಾಳಿಯಲ್ಲಿ ತಿರುಗುತ್ತದೆಯೇ ಹೊರತು ಎಣ್ಣೆಯನ್ನು ಮೇಲೆಳೆಯುವುದಿಲ್ಲ. ಇಲ್ಲಿ ಗ್ರೀಸ್ ಬಳಸಬಾರದು, ಅದು ಎಣ್ಣೆಯಲ್ಲಿ ಸುಲಭವಾಗಿ ಕರಗದೆ ಸಣ್ಣ ದಾರಿಗಳಲ್ಲಿ ಕಟ್ಟಿಕೊಳ್ಳಬಹುದು. ಫಿಲ್ಟರಿನ ಬಾಯಿ ಮೇಲ್ಮುಖವಾಗಿ ಕೂರುವಂತಿದ್ದರೆ ಅದನ್ನು ಹೊಸ ಎಣ್ಣೆಯಿಂದ ತುಂಬಿಯೇ ಹಾಕಬೇಕು. ಆಯಿಲ್ ಪ್ರೆಷರ್ ಸ್ವಿಚ್ ಇರುವ ಜಾಗದಲ್ಲಿ ಯಾಂತ್ರಿಕ ಗೇಜ್ ಜೋಡಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಇಂಧನ ಮತ್ತು ಇಗ್ನಿಷನ್ ಸಂಪರ್ಕ ಕಡಿದು, ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸಬೇಕು. ಪ್ಲಗ್ ಇಲ್ಲದಿರುವಾಗ ಕಂಪ್ರೆಷನ್ ಭಾರ ಬೇರಿಂಗುಗಳ ಮೇಲೆ ಬೀಳುವುದಿಲ್ಲ ಎಂಬುದೇ ಈ ಕ್ರಮದ ಮರ್ಮ. ಹೀಗೆ ಮಾಡಿಯೂ ಮುಳ್ಳು ಏಳದಿದ್ದರೆ ಸ್ಟಾರ್ಟ್ ಮಾಡಿ ನೋಡೋಣ ಎನ್ನದೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಬೇಕು.

ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ಈ ಹಂತದಲ್ಲಿ ನಂಬಲಾಗದು. ಅನೇಕ ಕಾರುಗಳಲ್ಲಿ ಆ ದೀಪದ ಸ್ವಿಚ್ 0.3ರಿಂದ 0.5 ಬಾರ್ ಒತ್ತಡಕ್ಕೇ ತೆರೆದುಕೊಳ್ಳುತ್ತದೆ. ದೀಪ ಆರಿತು ಎಂದರೆ ಒತ್ತಡ ಶೂನ್ಯವಲ್ಲ ಎಂದಷ್ಟೇ ಅರ್ಥ. ತಣ್ಣನೆಯ ಎಂಜಿನ್ನಿನ ಅಂಕಿಯನ್ನು ನೋಡಿ ಸಮಾಧಾನಪಡುವುದೂ ತಪ್ಪು. 15ಡಬ್ಲ್ಯೂ-40 ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, 40 ಡಿಗ್ರಿಯಲ್ಲಿ ಸುಮಾರು 100 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಮಾನ) ಇದ್ದರೆ 100 ಡಿಗ್ರಿಯಲ್ಲಿ 14ರ ಆಸುಪಾಸಿಗೆ ಇಳಿಯುತ್ತದೆ. ಸ್ನಿಗ್ಧತೆ ಇಳಿದಷ್ಟೂ ಸೋರಿಕೆ ಏರುತ್ತದೆ. ವೇಗದಲ್ಲಿ ತೆಗೆದ ಅಂಕಿಯೂ ಪೂರ್ತಿ ನಿಜ ಹೇಳುವುದಿಲ್ಲ. 3000 ಆರ್‌ಪಿಎಂನಲ್ಲಿ ಪಂಪ್ ಬೇಕಾದುದಕ್ಕಿಂತ ಹೆಚ್ಚು ಎಣ್ಣೆ ತಳ್ಳುತ್ತಿರುತ್ತದೆ, ಹೆಚ್ಚಿನದನ್ನು ರಿಲೀಫ್ ವಾಲ್ವ್ ಹಿಂದಿರುಗಿಸುತ್ತಿರುತ್ತದೆ, ಹಾಗಾಗಿ ಸವೆದ ಬೇರಿಂಗುಗಳ ಎಂಜಿನ್ನೂ ಅಲ್ಲಿ ಒಳ್ಳೆಯ ಅಂಕಿಯನ್ನೇ ತೋರಿಸಬಲ್ಲದು. ಸಂದಿನ ನಿಜಸ್ಥಿತಿ ಬಯಲಾಗುವುದು ಎಣ್ಣೆ ಚೆನ್ನಾಗಿ ಬಿಸಿಯಾಗಿ, ಎಂಜಿನ್ ಐಡಲಿಂಗಿನಲ್ಲಿದ್ದು, ಪಂಪಿನ ಹರಿವು ಅತ್ಯಂತ ಕಡಿಮೆ ಇರುವಾಗ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್ಐ, ಅಂದರೆ ಸುಮಾರು 0.7 ಬಾರ್ ಎಂಬ ಹಳೆಯ ಸೂತ್ರ ದಿಕ್ಕು ತೋರಿಸುವುದಕ್ಕೆ ಸಾಕು. ಹರಿವನ್ನು ತಾವೇ ಹೊಂದಿಸಿಕೊಳ್ಳುವ ಇತ್ತೀಚಿನ ಪಂಪುಗಳಿರುವ ಎಂಜಿನ್ನುಗಳಲ್ಲಿ ಉದ್ದೇಶಪೂರ್ವಕವಾಗಿಯೇ ಒತ್ತಡ ಕಡಿಮೆ ಇಟ್ಟಿರುವುದರಿಂದ, ಅಲ್ಲಿ ಕೈಪಿಡಿ ನೋಡದೆ ಮಾತಾಡಬಾರದು.

ದಪ್ಪನೆಯ ಎಣ್ಣೆ ಹಾಕಿದರೆ ಮುಳ್ಳು ಏರುತ್ತದಲ್ಲವೇ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಏರುತ್ತದೆ, ನಿಜ. ಎಸ್‌ಎಇ 30 ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗಿದ್ದರೆ ಎಸ್‌ಎಇ 50ರದು 16.3ರಿಂದ 21.9ರ ಒಳಗೆ ಬರುತ್ತದೆ. ಆದರೆ ಎಣ್ಣೆ ಗಟ್ಟಿಯಾದಷ್ಟೂ ಬೇರಿಂಗಿನ ಮೂಲಕ ಹಾಯುವ ಹರಿವು, ಅದರೊಂದಿಗೆ ಶಾಖ ಹೊರುವ ಸಾಮರ್ಥ್ಯ ಕಡಿಮೆಯಾಗುತ್ತವೆ, ತಣ್ಣಗಿರುವಾಗ ಹೆಡ್ಡಿಗೆ ಎಣ್ಣೆ ಮುಟ್ಟುವುದು ತಡವಾಗುತ್ತದೆ, ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವ ವಾಲ್ವ್ ಟೈಮಿಂಗ್ ವ್ಯವಸ್ಥೆಯೂ ತಾಳ ತಪ್ಪಬಹುದು. ಹಳೆಯ ಎಂಜಿನ್ನನ್ನು ಇನ್ನಷ್ಟು ದಿನ ಓಡಿಸುವವರಿಗೆ ಇದು ಒಪ್ಪಬಹುದಾದ ಉಪಾಯ. ಈಗಷ್ಟೇ ಮರುಜೋಡಿಸಿದ ಎಂಜಿನ್ನಿಗೆ ಇದನ್ನು ಮಾಡುವವರು ಅಳತೆಯ ದೋಷವನ್ನು ಎಣ್ಣೆಯ ಕೆಳಗೆ ಮುಚ್ಚಿಡುತ್ತಿದ್ದಾರೆ, ಅಷ್ಟೇ. ಹೆಚ್ಚು ಹರಿವಿನ ಪಂಪ್ ಹಾಕುವವರಿಗೂ ಇದೇ ಉತ್ತರ. ಒತ್ತಡ ಅತಿಯಾಗಿದ್ದರೂ ಹಿಗ್ಗಬೇಕಾಗಿಲ್ಲ. ಬಿಸಿಯಾದ ಮೇಲೂ ಮುಳ್ಳು ಕೈಪಿಡಿಯ ಮಿತಿ ದಾಟಿ ನಿಂತಿದ್ದರೆ ಎಲ್ಲೋ ದಾರಿ ಮುಚ್ಚಿದೆ ಅಥವಾ ರಿಲೀಫ್ ವಾಲ್ವ್ ಸಿಕ್ಕಿಕೊಂಡಿದೆ ಎಂದೇ ಶಂಕಿಸಬೇಕು.

ಮೊದಲ ಬಾರಿ ಎಂಜಿನ್ ಪೂರ್ತಿ ಬಿಸಿಯಾದಾಗ ಐಡಲಿಂಗಿನಲ್ಲಿ ಮತ್ತು 2000, 3000 ಆರ್‌ಪಿಎಂಗಳಲ್ಲಿ ಬಂದ ಅಂಕಿಗಳನ್ನು, ಬಳಸಿದ ಎಣ್ಣೆಯ ದರ್ಜೆಯೊಂದಿಗೆ, ಬೇರಿಂಗ್ ಸಂದುಗಳನ್ನು ಬರೆದಿಟ್ಟ ಅದೇ ಹಾಳೆಯಲ್ಲಿ ಬರೆಯಬೇಕು. ಮುಂದೆ ಒತ್ತಡ ಇಳಿದರೆ ಎಷ್ಟು ಇಳಿದಿದೆ ಎಂದು ಹೇಳಲು ಬೇರೆ ಆಧಾರವಿರುವುದಿಲ್ಲ. ಮೊದಲ ಎಣ್ಣೆಯನ್ನೂ ಫಿಲ್ಟರನ್ನೂ ಬೇಗನೆ ಬದಲಾಯಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬೆಳಕಿಗೆ ಹಿಡಿದು ಬಿಡಿಸಿ ನೋಡಬೇಕು. ಹೊಸ ರಿಂಗುಗಳು ಬೋರಿಗೆ ಹೊಂದಿಕೊಳ್ಳುವಾಗ ಬರುವ, ಬೆರಳಿಗೆ ಮುಟ್ಟಿದರೂ ತಿಳಿಯದಷ್ಟು ನುಣ್ಣನೆಯ ಕಪ್ಪು ಪುಡಿ ಸಹಜ. ಹೊಳೆಯುವ ಬೂದು ಬಣ್ಣದ ಚಕ್ಕೆಗಳೋ ತಾಮ್ರದ ಬಣ್ಣದ ಕಣಗಳೋ ಕಂಡರೆ ಬೇರಿಂಗಿನ ಮೇಲ್ಪದರ ಹೋಗುತ್ತಿದೆ ಎಂದು ಅರ್ಥ. ಆಗ ಗೇಜಿನ ಅಂಕಿ ಎಷ್ಟೇ ಚೆನ್ನಾಗಿರಲಿ, ಎಂಜಿನ್ನನ್ನು ಮತ್ತೆ ಓಡಿಸದೆ ಸಂಪ್ ಇಳಿಸಿ, ಕ್ಯಾಪುಗಳನ್ನು ಒಂದೊಂದಾಗಿ ಬಿಚ್ಚಿ ಶೆಲ್‌ಗಳನ್ನು ನೋಡಬೇಕು.